ಸಂಗೀತದ ಕೋಣೆಗೆ ಮರದ ನೆಲವೋ, ಕಾರ್ಪೆಟ್ಟೋ?

ನಮ್ಮದು ನೆಲದ ಮೇಲೆ ಕೂತು ಹಾಡುವ, ನುಡಿಸುವ ಸಂಗೀತ. ವೀಣೆಯ ಕೊಡ ನೆಲಕ್ಕೆ ತಾಗಿರುತ್ತದೆ, ಮೃದಂಗ ನೆಲದ ಮೇಲೇ ಮಲಗಿರುತ್ತದೆ, ಹಾಡುವವರ ಬಾಯಿಗೂ ನೆಲಕ್ಕೂ ಎರಡು-ಎರಡೂವರೆ ಅಡಿಯಷ್ಟೇ ದೂರ. ನಮ್ಮ ದನಿ ಮೊದಲು ಬಡಿದು ಹಿಂತಿರುಗುವುದು ಬಹುಮಟ್ಟಿಗೆ ನೆಲದಿಂದಲೇ. ಆದ್ದರಿಂದ ಮನೆಯಲ್ಲೊಂದು ಕೋಣೆಯನ್ನು ಅಭ್ಯಾಸಕ್ಕೆಂದು ಬಿಟ್ಟುಕೊಳ್ಳುವವರು ಗೋಡೆಗೆ ಏನು ಅಂಟಿಸಬೇಕೆಂದು ಹುಡುಕುವ ಮೊದಲು ಕಾಲಡಿಯನ್ನು ನೋಡಬೇಕು.

ಹಂತ 1: ಚಪ್ಪಾಳೆ ತಟ್ಟಿ ಕೇಳಿ

ಕೋಣೆಯ ಸಾಮಾನೆಲ್ಲ ಹೊರಗಿಟ್ಟು, ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಹಾಕಿದ ಕೋಣೆಯಲ್ಲಿ ಚಪ್ಪಾಳೆಯ ಬೆನ್ನಿಗೇ ‘ಟಿರ್ರ್’ ಎಂಬ ಸಣ್ಣ ಕಂಪನ ಕೇಳಿಸುತ್ತದೆ. ಎದುರುಬದುರಾದ ಎರಡು ನುಣುಪು ಮೈಗಳ ನಡುವೆ, ಅಂದರೆ ನೆಲ-ಸೂರುಗಳ ಅಥವಾ ಗೋಡೆ-ಗೋಡೆಗಳ ನಡುವೆ, ಸದ್ದು ಹೋಗಿ ಬಂದು ಮಾಡುತ್ತಿರುವ ಗುರುತು ಅದು. ಹಾಗೇ ಕೂತು ಒಂದು ಷಡ್ಜ ಹಿಡಿಯಿರಿ. ನಿಂತಾಗ ಕೇಳಿದ್ದಕ್ಕೂ ಕೂತಾಗ ಕೇಳಿದ್ದಕ್ಕೂ ಎಷ್ಟು ವ್ಯತ್ಯಾಸವೆಂದು ನಿಮಗೇ ತಿಳಿಯುತ್ತದೆ.

ಹಂತ 2: ಕಾರ್ಪೆಟ್ ಏನನ್ನು ನುಂಗುತ್ತದೆಂದು ತಿಳಿಯಿರಿ

ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ಕಾಂಕ್ರೀಟ್ ಮೇಲೆ ಹಾಸಿದ ದಪ್ಪ ಕಾರ್ಪೆಟ್, 4000 ಹರ್ಟ್ಜ್ ಸುತ್ತಮುತ್ತಲ ಸದ್ದಿನಲ್ಲಿ ಶೇ 60ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. 125 ಹರ್ಟ್ಜ್‌ಗೆ ಇಳಿದರೆ ಹೀರುವುದು ಶೇ 2ರ ಆಸುಪಾಸು, ಇಲ್ಲವೆಂದೇ ಹೇಳಬಹುದು. ಮರದ ನೆಲ ಹಾಗಲ್ಲ: ಮೇಲಿನ ಸದ್ದಿಗೂ ಕೆಳಗಿನ ಸದ್ದಿಗೂ ಹೆಚ್ಚುಕಡಿಮೆ ಒಂದೇ ಸಮನಾಗಿ, ಶೇ 4ರಿಂದ 7ರಷ್ಟು ಮಾತ್ರ.

ಇದನ್ನು ತಂಬೂರಿಯಲ್ಲಿ ಕೇಳಿ ನೋಡಿ. ಕುದುರೆಯ ಮೇಲೆ, ತಂತಿಯ ಕೆಳಗೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಜೀವ ಕೂಡಿಸುತ್ತೇವಲ್ಲ, ಆಗ ಅರಳುವ ಝೇಂಕಾರವೆಲ್ಲ ಮೇಲಿನ ಸ್ವರಾಂಶಗಳದ್ದು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿದರೆ ಮೊದಲು ಸೊರಗುವುದು ಅದೇ. ಮೃದಂಗದ ತೊಪ್ಪಿಯ ಗುಮ್ಮೆನ್ನುವ ನಾದವೋ ಒಂದಿಷ್ಟೂ ತಗ್ಗದೆ ಮೂಲೆಗಳಲ್ಲಿ ಗುಂಯ್‌ಗುಡುತ್ತದೆ. ಕೋಣೆ ಮಂಕಾಗಿಯೂ ಇರುತ್ತದೆ, ಗದ್ದಲವೂ ಹೋಗಿರುವುದಿಲ್ಲ. ಕಾರ್ಪೆಟ್ ಹಾಕಿದರೆ ‘ಎಕೋ’ ಹೋಗುತ್ತದೆ ಎಂದು ಅಂಗಡಿಯವರು ಹೇಳುವುದು ಅರ್ಧ ನಿಜ ಮಾತ್ರ.

ಹಂತ 3: ಖರ್ಚಿಗೆ ಮೊದಲು ಪರೀಕ್ಷೆ

ಮನೆಯಲ್ಲಿರುವ ದಪ್ಪ ಕಂಬಳಿ, ಹಾಸಿಗೆಗಳನ್ನು ನೆಲದ ತುಂಬ ಹರಡಿ. ನಿಮ್ಮಿಂದ ನಾಲ್ಕೈದು ಅಡಿ ದೂರದಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಫೋನ್ ಇಟ್ಟು ಒಂದೇ ವರ್ಣವನ್ನು ಹಾಡಿ ಅಥವಾ ನುಡಿಸಿ ರೆಕಾರ್ಡ್ ಮಾಡಿ. ಆಮೇಲೆ ಎಲ್ಲ ತೆಗೆದು, 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆಯೊಂದನ್ನು ಹಾಸಿ, ಅದರ ಮೇಲೆ ಕೂತು ಮತ್ತೊಮ್ಮೆ. ಹೆಡ್‌ಫೋನ್‌ನಲ್ಲಿ ಎರಡನ್ನೂ ಒಂದರ ಹಿಂದೊಂದು ಕೇಳಿ. ಗಮಕದ ಸೂಕ್ಷ್ಮಗಳು ಯಾವುದರಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆಯೋ ನಿಮ್ಮ ನೆಲ ಅತ್ತ ಕಡೆಯದು.

ಹಂತ 4: ತೇವ ನೋಡಿ

ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಬೆವರಿದ್ದರೆ ಮೊದಲು ಆ ತೇವಕ್ಕೆ ಪರಿಹಾರ ಆಗಬೇಕು, ಆಮೇಲೆ ಉಳಿದದ್ದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ನೆಲಕ್ಕೆ ಅಂಟಿಸಿದ ಕಾರ್ಪೆಟ್ ಬೂಸ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಅಲ್ಲಿ ಅದು ಬೇಡವೇ ಬೇಡ. ಅದರ ದೂಳು ಹಾಡುವವರ ಗಂಟಲಿಗೂ ಒಳ್ಳೆಯದಲ್ಲ.

ಹಂತ 5: ಕೆಳಮನೆಯವರನ್ನು ನೆನೆಯಿರಿ

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಇಲ್ಲಿ ಕಾರ್ಪೆಟ್ಟಿಗೇ ಅಂಕ. ಹೆಜ್ಜೆ ಸಪ್ಪಳ, ಡ್ರಮ್ಸ್ ಪೆಡಲ್‌ನ ಕುಟ್ಟುವ ಸದ್ದು ಕೆಳಗೆ ಇಳಿಯುವುದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಹಾಡು, ಪಿಟೀಲಿನ ಸದ್ದನ್ನು ಮಾತ್ರ ತಡೆಯದು. ಅದು ಹೋಗುವುದು ಹೆಚ್ಚಾಗಿ ಬಾಗಿಲ ಸಂದಿನಿಂದ, ಕಿಟಕಿಯಿಂದ. ಮನೆಯಲ್ಲಿ ಭರತನಾಟ್ಯ ಕಲಿಯುವ ಮಗುವೂ ಇದ್ದರೆ ಕಾರ್ಪೆಟ್ ಪ್ರಶ್ನೆಯೇ ಬರುವುದಿಲ್ಲ. ತಟ್ಟಡವಿಗೆ ಗಟ್ಟಿ ನೆಲ ಬೇಕು, ಮಂಡಿಗಳ ಹಿತಕ್ಕೆ ಕೆಳಗೆ ಒಂದಿಷ್ಟು ಪುಟಿತವಿರುವ ಮರ ಬೇಕು.

ಹಂತ 6: ನನ್ನ ಆಯ್ಕೆ, ಹಾಕಿಸುವ ಕ್ರಮ

ಮರವನ್ನು ಕಾಯಂ ಮಾಡಿ, ಮೆತ್ತನೆಯದನ್ನು ಸುತ್ತಿಡುವ ಹಾಗೆ ಇಟ್ಟುಕೊಳ್ಳಿ. ನಮ್ಮ ಅಭ್ಯಾಸದ ಕೋಣೆಗೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ತೇಗದ ನೆಲ ಕೈಗೆಟುಕದಿದ್ದರೆ ಎಂಜಿನಿಯರ್ಡ್ ವುಡ್ ಸಾಕು: ಮೇಲೆ ನಿಜವಾದ ಮರದ ಪದರ, ಕೆಳಗೆ ಅಡ್ಡಡ್ಡ ಅಂಟಿಸಿದ ಪದರಗಳು, ಹಾಗಾಗಿ ಹವೆಗೆ ಅಷ್ಟಾಗಿ ಡೊಂಕಾಗುವುದಿಲ್ಲ. ಲ್ಯಾಮಿನೇಟ್ ಅಗ್ಗ, ಆದರೆ ಅದರ ಒಳಗಿನ ಹಲಗೆ ನೀರು ಕುಡಿದರೆ ಉಬ್ಬುತ್ತದೆ. ತೆಳು ಫೋಮ್ ಮೇಲೆ, ಸಮತಟ್ಟಾಗದ ನೆಲದ ಮೇಲೆ ಹಾಕಿಬಿಟ್ಟರೆ ನಡೆದಾಗ ಪೊಳ್ಳು ಪೊಳ್ಳಾಗಿ ‘ಡಬಡಬ’ ಎನ್ನುತ್ತದೆ. ನೆಲ ಮಟ್ಟ ಮಾಡಿಸಿ, ಸಾಂದ್ರವಾದ ರಬ್ಬರ್ ಅಥವಾ ಕಾರ್ಕ್ ಅಡಿಹಾಸು ಕೇಳಿ. ಹಲಗೆಗಳ ಪೆಟ್ಟಿಗೆ ಎರಡು ದಿನ ಆ ಕೋಣೆಯ ಹವೆಯಲ್ಲೇ ಇರಲಿ. ಗೋಡೆಯ ಅಂಚಿಗೆ 8ರಿಂದ 10 ಮಿಲಿಮೀಟರ್ ಸಂದು ಬಿಡಿಸಿ. ಮರ ಹಿಗ್ಗಿದಾಗ ಜಾಗ ಬೇಕು, ಸ್ಕರ್ಟಿಂಗ್ ಪಟ್ಟಿ ಆ ಸಂದನ್ನು ಮುಚ್ಚುತ್ತದೆ.

ಮೇಲೆ ಹಾಸಲು ಜಮಖಾನ ಇದ್ದೇ ಇದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮೇಲೆ ನೇಯುವ ಹತ್ತಿಯ ಜಮಖಾನಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ತೆಳುವಾದ ಹತ್ತಿ ಸದ್ದನ್ನು ಹೆಚ್ಚೇನೂ ಹೀರದು, ಕೂರಲು ಹಿತ, ಬಿಸಿಲಿಗೆ ಹಾಕಲು ಸುಲಭ. ಕೊಂಚ ಮೆತ್ತಗಾಗಬೇಕಾದ ದಿನ ಅದರಡಿ ಒಂದು ದಪ್ಪ ಕಂಬಳಿ ಸೇರಿಸಿ.

ಹಂತ 7: ಉಳಿದ ಟಿರ್ರ್‌ಗೆ ಸೂರಿನಲ್ಲಿ ಮದ್ದು

ನೆಲ ಗಟ್ಟಿಯಾಗಿಯೇ ಉಳಿದರೆ ಅದರ ಎದುರು ಮೈ ಮೆತ್ತಗಿರಬೇಕು. ಎರಡು ಇಂಚಿನ ರಾಕ್‌ವುಲ್ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ, ನೀವು ಕೂರುವ ಜಾಗಕ್ಕೆ ಸರಿಯಾಗಿ ಮೇಲೆ ತೂಗುಹಾಕಿಸಿ. ಸೂರಿಗೆ ಅಂಟಿಸದೆ ನಡುವೆ ಕೆಲವು ಇಂಚು ಬಿಟ್ಟರೆ ಇನ್ನೂ ಕೆಳಗಿನ ಸದ್ದನ್ನೂ ಅದು ಹಿಡಿಯುತ್ತದೆ. ಒಂದು ಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ತಂಬೂರಿ ಶ್ರುತಿ ಮಾಡಿಕೊಳ್ಳಿ.