ಚೆಂಡಿನ ವೇಗವೂ ಬೌಲರನ ಕಾಲುಗಳೂ

ವೇಗವಾಗಿ ಚೆಂಡೆಸೆಯುವವನ ಶಕ್ತಿಯೆಲ್ಲ ತೋಳಿನಲ್ಲಿದೆಯೆಂಬುದು ಸಾಮಾನ್ಯ ನಂಬಿಕೆ. ಚೆಂಡು ಕೈಯಿಂದ ಹೊರಡುವುದರಿಂದ ಹಾಗೆ ತೋರುವುದು ಸಹಜವೇ. ಆದರೆ ಚಲನವಿಜ್ಞಾನದ ದೃಷ್ಟಿಯಿಂದ ತೋಳು ಒಂದು ಸರಪಳಿಯ ಕೊನೆಯ ಕೊಂಡಿ ಮಾತ್ರ. ಮೊದಲನೆಯ ಕೊಂಡಿ ನೆಲವನ್ನು ಒತ್ತುವ ಪಾದ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮೈದಾನಗಳಲ್ಲಿಯೂ ಕಡಲತೀರದಲ್ಲಿಯೂ ಕ್ರಿಕೆಟ್ ಆಡುವ ಹುಡುಗ ಹುಡುಗಿಯರು ಇದನ್ನು ತಿಳಿದಿದ್ದರೆ ಎರಡು ಲಾಭಗಳುಂಟು. ಚೆಂಡಿನ ವೇಗ ಹೆಚ್ಚುವುದು ಒಂದು. ಅದಕ್ಕಿಂತ ಮುಖ್ಯವಾದ ಇನ್ನೊಂದು, ಬೆನ್ನು ಉಳಿಯುವುದು.

ಶರಾವತಿಯಲ್ಲಿ ದೋಣಿಯ ಮೇಲೆ ನಿಂತು ಸಾಗಿದವರಿಗೆ ಒಂದು ಅನುಭವವಿರುತ್ತದೆ. ದೋಣಿಯು ದಡಕ್ಕೆ ತಾಗಿ ತಟ್ಟನೆ ನಿಂತಾಗ ನಮ್ಮ ಪಾದಗಳು ಅದರೊಡನೆ ನಿಲ್ಲುತ್ತವೆ. ತಲೆ, ಹೆಗಲುಗಳು ಮುಂದಕ್ಕೆ ಚಿಮ್ಮುತ್ತವೆ. ಜಡತ್ವದ ಈ ಪರಿಣಾಮವನ್ನೇ ವೇಗದ ಬೌಲರನು ಉದ್ದೇಶಪೂರ್ವಕವಾಗಿ ಉಂಟುಮಾಡುತ್ತಾನೆ. ಓಡಿಬಂದು ಮುಂಗಾಲನ್ನು ನೆಲಕ್ಕೆ ಊರಿ, ಅದನ್ನು ಗೋಡೆಯಂತೆ ನಿಲ್ಲಿಸುತ್ತಾನೆ. ಕೆಳಗೆ ತಡೆಯಲ್ಪಟ್ಟ ಓಟವು ಮೇಲೆ ಹೆಗಲಿನ ವೇಗವಾಗಿ ಪರಿಣಮಿಸುತ್ತದೆ.

ಇದನ್ನು ಸುಲಭವಾದ ಒಂದು ಲೆಕ್ಕದಿಂದ ಪರೀಕ್ಷಿಸಬಹುದು. ಬೌಲರನ ದೇಹವನ್ನು ನೆಟ್ಟಗೆ ನಿಂತಿರುವ ಏಕರೂಪದ ಸರಳೆಂದು ಭಾವಿಸೋಣ. ಅದು ಸೆಕೆಂಡಿಗೆ ೫ ಮೀಟರ್, ಎಂದರೆ ಗಂಟೆಗೆ ೧೮ ಕಿಲೋಮೀಟರ್ ವೇಗದಿಂದ ಸಾಗುತ್ತಿರಲಿ. ಅದರ ಕೆಳತುದಿಯನ್ನು ಥಟ್ಟನೆ ತಡೆದರೆ, ಆ ತುದಿಯ ಸುತ್ತಣ ಕೋನೀಯ ಸಂವೇಗವು ಬದಲಾಗುವುದಿಲ್ಲ. ಸರಳು ಆ ತುದಿಯನ್ನೇ ಕೀಲಾಗಿಸಿಕೊಂಡು ತಿರುಗತೊಡಗುತ್ತದೆ. ಆಗ ಮೇಲ್ತುದಿಯ ವೇಗವು ಮೊದಲಿನ ಒಂದೂವರೆ ಪಟ್ಟು, ಎಂದರೆ ಸೆಕೆಂಡಿಗೆ ೭.೫ ಮೀಟರ್ ಆಗುತ್ತದೆ. ತೋಳು ಇನ್ನೂ ಬೀಸುವ ಮುನ್ನವೇ ಗಂಟೆಗೆ ೯ ಕಿಲೋಮೀಟರಿನಷ್ಟು ವೇಗ ಹೆಚ್ಚಾಗಿ ದೊರೆತಂತಾಯಿತು. ಮುಂಗಾಲಿನ ಮಂಡಿಯು ಕುಸಿದರೆ ಕೆಳತುದಿ ಸರಿಯಾಗಿ ನಿಲ್ಲದೆ ಈ ಲಾಭದ ಬಹುಭಾಗ ನಷ್ಟವಾಗುತ್ತದೆ. ನಷ್ಟವನ್ನು ತೋಳಿನಿಂದ ತುಂಬಲು ಹೋದವನು ಹೆಗಲನ್ನೂ ಸೊಂಟವನ್ನೂ ದಣಿಸಿಕೊಳ್ಳುತ್ತಾನೆ. ಮನುಷ್ಯದೇಹವು ಸರಳಿಗಿಂತ ಜಟಿಲವಾದುದು ನಿಜ. ಆದರೂ ಮೂಲತತ್ತ್ವವು ಇದೇ. ತೋಳನ್ನು ಕೆಳಗಿನಿಂದ ಸುತ್ತಿಸಿ ಎಸೆಯುವ ಸಾಫ್ಟ್‌ಬಾಲ್ ಆಟದಲ್ಲಿಯೂ ಪಿಚ್ಚರನ ಮುಂಗಾಲು ಮಾಡುವ ಕೆಲಸ ಇಂಥದ್ದೇ.

ಪ್ರಕೃತಿಯಲ್ಲಿ ಯಾವುದೂ ಬೆಲೆಯಿಲ್ಲದೆ ಸಿಗುವುದಿಲ್ಲ. ಮೇಲಣ ಲೆಕ್ಕದಲ್ಲಿಯೇ ಸರಳಿನ ಚಲನಶಕ್ತಿಯ ನಾಲ್ಕನೆಯ ಒಂದು ಪಾಲು, ಕೆಳತುದಿಯನ್ನು ತಡೆದ ಕ್ಷಣದಲ್ಲಿ ವ್ಯಯವಾಗುತ್ತದೆ. ೫೦ ಕಿಲೋಗ್ರಾಂ ತೂಗುವ ಹುಡುಗನಿಗೆ ಇದು ಸುಮಾರು ೧೫೬ ಜೂಲ್. ಒಂದು ಅಡಿ ಎತ್ತರದ ಮೆಟ್ಟಿಲಿನಿಂದ ಒಂಟಿಗಾಲಿನ ಮೇಲೆ ಧುಮುಕಿದಂತೆ. ಇದರ ದೊಡ್ಡ ಭಾಗವನ್ನು ಮುಂಗಾಲು, ಸೊಂಟ, ಬೆನ್ನುಮೂಳೆಗಳೇ ತಾಳಿಕೊಳ್ಳಬೇಕು. ಮುಂಗಾಲು ನೆಲಕ್ಕೆ ತಾಗಿದಾಗ ವೇಗದ ಬೌಲರನ ಮೇಲೆ ಬೀಳುವ ಬಲವು ಅವನ ತೂಕದ ಐದು ಪಟ್ಟನ್ನೂ ಮೀರಬಲ್ಲುದೆಂದು ಅಳತೆಗಳಿಂದ ಕಂಡುಬಂದಿದೆ. ಐದು ಪಟ್ಟೆಂದೇ ಹಿಡಿದರೂ ನಮ್ಮ ಹುಡುಗನಿಗೆ ಅದು ೫೦ ಕಿಲೋಗ್ರಾಮಿನ ಐದು ಅಕ್ಕಿ ಮೂಟೆಗಳ ಭಾರ. ಹತ್ತು ಓವರುಗಳಲ್ಲಿ ಈ ಪೆಟ್ಟು ಅರವತ್ತು ಸಲ ಬೀಳುತ್ತದೆ.

ಸೊಂಟ ನೇರವಾಗಿದ್ದರೆ ಈ ಭಾರ ಹರಡಿಹೋಗುತ್ತದೆ. ಕಾಲು ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ತಿರುಗಿದ್ದರೆ, ಸೊಂಟವು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುವಾಗಲೇ ಪೆಟ್ಟು ಬೀಳುತ್ತದೆ. ಕೆಳಬೆನ್ನಿನ ಕಶೇರುಕಗಳ ಹಿಂಬದಿಯ ತೆಳುವಾದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುವುದು ಹೀಗೆ. ಆಸ್ಟ್ರೇಲಿಯದ ಡೆನಿಸ್ ಲಿಲ್ಲಿಯು ೧೯೭೩ರಲ್ಲಿ ಇಂಥ ಬಿರುಕುಗಳಿಂದ ಬಹುಕಾಲ ಆಟ ಬಿಡಬೇಕಾಯಿತು. ಅದೇ ಲಿಲ್ಲಿ ೧೯೮೭ರಲ್ಲಿ ಮದರಾಸಿನಲ್ಲಿ ಆರಂಭವಾದ ಎಂ.ಆರ್.ಎಫ್. ವೇಗದ ಬೌಲಿಂಗ್ ಸಂಸ್ಥೆಯಲ್ಲಿ ಭಾರತದ ತರುಣರಿಗೆ ಗುರುವಾದರು. ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರೂ ೨೦೨೨ರಲ್ಲಿ ಬೆನ್ನಿನ ಇಂಥದೇ ಬಿರುಕಿಗೆ ಒಳಗಾಗಿ, ಶಸ್ತ್ರಚಿಕಿತ್ಸೆಯ ಬಳಿಕ ೨೦೨೩ರ ಆಗಸ್ಟಿನಲ್ಲಿ ಭಾರತ ತಂಡಕ್ಕೆ ಮರಳಿದರು. ನುರಿತವರ ಗತಿಯೇ ಹೀಗಿರಲು, ಮೂಳೆ ಇನ್ನೂ ಪೂರ್ಣ ಬಲಿಯದ ಹದಿಹರೆಯದವರು ಎಷ್ಟು ಎಚ್ಚರದಿಂದಿರಬೇಕು!

ಕರಾವಳಿಯ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಸಮಸ್ಯೆಯುಂಟು. ಮುರ್ಡೇಶ್ವರದಲ್ಲಾಗಲಿ ಕಾಸರಕೋಡಿನಲ್ಲಾಗಲಿ ಗೋಕರ್ಣದಲ್ಲಾಗಲಿ ಮರಳಿನ ಮೇಲೆ ಓಡಿ ಚೆಂಡೆಸೆಯುವಾಗ ಮುಂಗಾಲು ಹೂತು, ಜಾರಿ, ನಿಧಾನವಾಗಿ ನಿಲ್ಲುತ್ತದೆ. ನಿಲ್ಲುವ ಕಾಲಾವಧಿ ಮೂರು ಪಟ್ಟಾದರೆ, ಓಟವನ್ನು ತಡೆಯುವ ಸರಾಸರಿ ಬಲವು ಮೂರನೆಯ ಒಂದಕ್ಕೆ ಇಳಿಯುತ್ತದೆ. ಮೂಳೆಗೆ ಇದು ಹಿತ. ಆದರೆ ಗೋಡೆಯಂಥ ಮುಂಗಾಲು ಅಭ್ಯಾಸವಾಗುವುದಿಲ್ಲ. ಅದೇ ಹುಡುಗನು ಚಿರೇಕಲ್ಲಿನ ಗಟ್ಟಿ ನೆಲದಲ್ಲಿ ಹಾಸಿದ ಮ್ಯಾಟಿನ ಮೇಲೆ ಪಂದ್ಯವಾಡಿದರೆ, ಸಿದ್ಧವಿಲ್ಲದ ಕಾಲಿಗೆ ಪೂರ್ಣ ಪೆಟ್ಟು ಒಮ್ಮೆಲೇ ಬೀಳುತ್ತದೆ.

ಆದರೂ ಮರಳಿನಿಂದಲೇ ಒಂದು ಉಪಕಾರವನ್ನು ಪಡೆಯಬಹುದು. ಸಮುದ್ರವು ಇಳಿದಮೇಲೆ ಉಳಿಯುವ ಒದ್ದೆ ಮರಳು, ಹೆಜ್ಜೆಯನ್ನು ತಪ್ಪದೆ ಬರೆದಿಡುವ ಉಪಕರಣ. ಎರಡು ತುದಿಗಳ ಸ್ಟಂಪುಗಳಿಗೆ ಸಮಾಂತರವಾಗಿ ಹಿಂಗಾಲಿನ ಗುರುತಿನಿಂದ ಒಂದು ನೇರ ಗೆರೆ ಎಳೆದು ಪರೀಕ್ಷಿಸಿರಿ. ಈ ವಿವರಣೆ ಬಲಗೈ ಬೌಲರನದು. ಎಡಗೈಯವರು ಎಡಬಲಗಳನ್ನು ಬದಲಿಸಿಕೊಳ್ಳಲಿ.

ಮೊದಲನೆಯದಾಗಿ ಹಿಂಗಾಲು. ಅದರ ಗುರುತು ಕ್ರೀಸಿಗೆ ಸಮಾಂತರವಾಗಿದ್ದರೆ ಹೆಗಲುಗಳೂ ಪಕ್ಕಕ್ಕೆ ತಿರುಗಿರಬೇಕು. ಬೆರಳುಗಳು ಬ್ಯಾಟುಗಾರನತ್ತ ಇದ್ದರೆ ಎದೆಯೂ ಅವನತ್ತಲೇ ಇರಬೇಕು. ಎರಡು ಕ್ರಮಗಳೂ ಸರಿಯೇ. ಅವುಗಳ ಬೆರಕೆಯೇ ಅಪಾಯ. ಹೆಗಲನ್ನು ಗಮನಿಸಲು ಗೆಳೆಯನೊಬ್ಬನು ಹಿಂದೆ ನಿಲ್ಲಬೇಕು.

ಎರಡನೆಯದಾಗಿ ಮುಂಗಾಲು. ಅದು ಗೆರೆಯ ಹತ್ತಿರ ಬಿದ್ದು, ಬೆರಳುಗಳು ಹೆಚ್ಚುಕಡಮೆ ಬ್ಯಾಟುಗಾರನತ್ತ ಇರಲಿ. ಗೆರೆಯನ್ನು ಬಹಳವಾಗಿ ದಾಟಿ ಬಲಕ್ಕೆ ಬಿದ್ದರೆ ಸೊಂಟ ತಿರುಗಲು ಎಡೆಯಿರದು. ಬಹಳ ಎಡಕ್ಕೆ ಬಿದ್ದರೆ ದೇಹ ಪಕ್ಕಕ್ಕೆ ವಾಲುತ್ತದೆ.

ಮೂರನೆಯದಾಗಿ ಹೆಜ್ಜೆಯ ಅಂತರ. ಅದು ಅತಿಯಾದರೆ ಗುರುತ್ವಕೇಂದ್ರವು ಬಹಳ ಹಿಂದೆ ಉಳಿದು ಮಂಡಿ ಕುಸಿಯುತ್ತದೆ. ಹಿಮ್ಮಡಿಯ ಗುರುತು ಮುಂದಕ್ಕೆ ಗೀರಿಕೊಂಡಿದ್ದರೆ ಅಂತರವನ್ನು ಒಂದು ಗೇಣು ಕಡಮೆ ಮಾಡಿ ನೋಡಿರಿ.

ಪ್ರಯೋಗಶಾಲೆಯಲ್ಲಿ ಒಮ್ಮೆಗೆ ಒಂದೇ ಪರಿಮಾಣವನ್ನು ಬದಲಿಸುವಂತೆ, ಇಲ್ಲಿಯೂ ಒಂದು ದೋಷವನ್ನು ತಿದ್ದಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಮೊದಲು ನಿಂತಲ್ಲಿ, ಆಮೇಲೆ ನಡೆಯುತ್ತ, ಅನಂತರ ನಾಲ್ಕು ಹೆಜ್ಜೆ ಓಡಿ, ಕೊನೆಯಲ್ಲಿ ಪೂರ್ಣ ಓಟದೊಡನೆ ಅಭ್ಯಾಸ ನಡೆಯಲಿ. ಮಂಡಿಯ ಪಾಠ ಕೊನೆಯದು. ನೆಟ್ಟಗಿರುವ ಮಂಡಿ ವೇಗವನ್ನು ಕೊಡುವುದಾದರೂ ಪೆಟ್ಟನ್ನೂ ಹೆಚ್ಚಿಸುತ್ತದೆ. ಆದುದರಿಂದ ತೊಡೆ, ಹೊಟ್ಟೆ, ಬೆನ್ನಿನ ಸ್ನಾಯುಗಳು ಬಲಿಯುವ ಮುನ್ನ ಮಂಡಿಯನ್ನು ಬಲವಂತದಿಂದ ಸೆಟೆಯಿಸಕೂಡದು. ಊರಿದ ಮೇಲೆ ಅದು ಇನ್ನಷ್ಟು ಕುಸಿಯದಿದ್ದರೆ ಸದ್ಯಕ್ಕೆ ಸಾಕು. ಮರಳಿನಿಂದ ಗಟ್ಟಿ ನೆಲಕ್ಕೆ ಬಂದ ಮೊದಲ ವಾರಗಳಲ್ಲಿ ಓವರುಗಳ ಸಂಖ್ಯೆಯನ್ನು ಮಿತಗೊಳಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಹಿಂದಕ್ಕೆ ಬಾಗಿದಾಗ ಕೆಳಬೆನ್ನಿನ ಒಂದು ಪಕ್ಕದಲ್ಲಿ, ಬಹುಮಟ್ಟಿಗೆ ಎಸೆಯುವ ಕೈಯ ಎದುರು ಪಕ್ಕದಲ್ಲಿ, ನೋವು ಕಂಡರೆ ಎಣ್ಣೆ ತಿಕ್ಕಿಕೊಂಡು ಆಟ ಮುಂದುವರಿಸಬೇಡಿರಿ. ಅಂದೇ ಚೆಂಡನ್ನು ಕೆಳಗಿಟ್ಟು ವೈದ್ಯರನ್ನು ಕಾಣಿರಿ. ಬೇಗ ಗುರುತಿಸಿದ ಬಿರುಕು ವಿಶ್ರಾಂತಿಯಿಂದ ಕೂಡಿಕೊಳ್ಳುವ ಸಂಭವ ಹೆಚ್ಚು. ನೋವನ್ನು ನುಂಗಿ ಆಡಿದವನ ಬಿರುಕು ಬೆಳೆಯುತ್ತ ಹೋಗುತ್ತದೆ.