ಸರ್ವರಿನಲ್ಲಿ ಕಳೆದುಹೋದ ಫೈಲನ್ನು ತಿರುಗಿ ತರುವ ಬಗೆ

ಖಾನಾಪುರದ ಕಡೆಯಿಂದ ಬೆಳಗಾವಿಗೆ ಓದಲು ಬರುವ ನಮ್ಮ ವಿದ್ಯಾರ್ಥಿನಿಯರಿಗೆ ಹಂಚಿನ ಮನೆಯ ಸಂಗತಿಯನ್ನು ನಾವು ಹೇಳಿಕೊಡಬೇಕಾದದ್ದಿಲ್ಲ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತಲೂ ಜಾಂಬೋಟಿಯ ಅಡವಿಯಲ್ಲಿಯೂ ಮಳೆಗಾಲವು ಎಂಥದೆಂಬದನ್ನು ಅವರು ಚೆನ್ನಾಗಿ ಬಲ್ಲರು. ಸಾವಿರ ಹಂಚುಗಳಲ್ಲಿ ಒಂದೇ ಒಂದು ಜಾರಿ ಬಿದ್ದರೂ ಸಾಕು, ಆ ಕಿಂಡಿಯಿಂದ ನೀರಿಳಿದು ಮನೆಯು ವಾಸಕ್ಕೆ ಬಾರದಂತಾಗುವದು. ಆದರೆ ಅದಕ್ಕೋಸ್ಕರ ಯಾರೂ ಮನೆಯನ್ನು ಕೆಡವುವದಿಲ್ಲ. ಮೂಲೆಯಲ್ಲಿ ಒಟ್ಟಿಟ್ಟ ಹಂಚುಗಳಲ್ಲಿ ಅದೇ ಅಚ್ಚಿನದೊಂದನ್ನು ತೆಗೆದು ಹೊದಿಸುವರು. ಸರ್ವರೆಂಬ ಯಂತ್ರದಲ್ಲಿ ಒಂದು ಫೈಲು ಕಳೆದುಹೋದಾಗ ಮಾಡತಕ್ಕದ್ದೂ ಇದೇ. ಈ ಪಾಠದಲ್ಲಿ ಅದನ್ನು ವಿವರಿಸುವೆವು.

ಸರ್ವರ್ ಎಂದರೇನು?

ಒಂದು ಕಚೇರಿಯ ಅಥವಾ ಶಾಲೆಯ ಅನೇಕ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುವ, ಎಲ್ಲರ ದಾಖಲೆಗಳನ್ನೂ ಕಾಯುವ ಮುಖ್ಯ ಕಂಪ್ಯೂಟರಿಗೆ ಸರ್ವರೆಂದು ಹೆಸರು. ಇದನ್ನು ನಡಿಸುವ ಮೂಲ ಕಾರ್ಯಕ್ರಮಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುವರು. ವಿಂಡೋಸ್ ಸರ್ವರ್ ಎಂಬದು ಇಂಥದೊಂದು. ಲಿನಕ್ಸ್ ಎಂಬದು ಮತ್ತೊಂದು. ಆಪರೇಟಿಂಗ್ ಸಿಸ್ಟಮ್ ಎಂಬದು ಒಂದೇ ವಸ್ತುವಲ್ಲ. ಸಾವಿರಾರು ಚಿಕ್ಕ ದೊಡ್ಡ ಫೈಲುಗಳು ಒಂದಕ್ಕೊಂದು ಆತುಕೊಂಡು ಅದು ಆಗಿರುವದು. ಇವುಗಳಲ್ಲಿ ಕೆಲವು ಇಲ್ಲದಿದ್ದರೆ ಯಂತ್ರವು ಏಳುವದೇ ಇಲ್ಲ.

ಒಂದು ದಿನದ ಅನುಭವ

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಮಳೆಯಲ್ಲಿ, ಖಾನಾಪುರ ತಾಲೂಕಿನ ಒಂದು ಶಾಲೆಯಿಂದ ನಮಗೆ ಕರೆ ಬಂದಿತು. ರಾತ್ರಿ ವಿದ್ಯುತ್ತು ಹಲವು ಸಾರೆ ಹೋಗಿ ಬಂದು, ಬೆಳಿಗ್ಗೆ ಸರ್ವರು ಏಳಲಿಲ್ಲ. ಬೇಕಾದ ಒಂದು ಫೈಲು ಇಲ್ಲ ಅಥವಾ ಕೆಟ್ಟಿದೆಯೆಂಬ ಬರಹ ಮಾತ್ರ ಪರದೆಯ ಮೇಲೆ ನಿಂತಿತ್ತು. ಹತ್ತನೆಯ ಇಯತ್ತೆ ಮುಗಿಸಿದ ಹುಡುಗಿಯರ ವರ್ಗಾವಣೆ ಪತ್ರಗಳನ್ನು ಆ ಯಂತ್ರದಿಂದಲೇ ತೆಗೆಯಬೇಕಾಗಿತ್ತು. ನಾವು ಬೆಳಗಾವಿಯಿಂದ ರೈಲು ಹಿಡಿದು ಹೋಗಿ ನೋಡಲಾಗಿ, ಅಡವಿಯ ಹಳ್ಳಿಗಳಿಂದ ಬಂದ ತಾಯಂದಿರು ಪಡಸಾಲೆಯಲ್ಲಿ ಕೂತಿದ್ದರು. ಅವರಲ್ಲೊಬ್ಬಳು, "ಅಕ್ಕಾರ, ಇದರಿಂದ ನಮ್ಮ ಹುಡಿಗಿ ಸಾಲಿ ತಪ್ಪತೈತೇನ್ರಿ?" ಎಂದು ಕೇಳಿದಳು. ಆ ಪ್ರಶ್ನೆಯು ನಮ್ಮ ಕಿವಿಯಲ್ಲಿ ದಿನವೆಲ್ಲ ಇದ್ದಿತು.

ಅಲ್ಲಿದ್ದವರೊಬ್ಬರು, ಡಿಸ್ಕನ್ನು ಒರಸಿ ಎಲ್ಲವನ್ನೂ ಹೊಸದಾಗಿ ಹಾಕಿಬಿಡೋಣ, ಒಂದು ತಾಸಿನ ಕೆಲಸ, ಎಂದರು. ಇದು ಹಂಚು ಬಿದ್ದುದಕ್ಕೆ ಮನೆಯನ್ನು ಕೆಡವಿದಂತೆ ಆಗುತ್ತಿತ್ತು. ಆಪರೇಟಿಂಗ್ ಸಿಸ್ಟಮಿನ ಫೈಲು ಲೋಕದ ಲಕ್ಷಾಂತರ ಯಂತ್ರಗಳಲ್ಲಿ ಒಂದೇ ರೀತಿಯಾಗಿರುವದರಿಂದ ಅದು ಎಲ್ಲಿಯಾದರೂ ಸಿಕ್ಕೀತು. ಆದರೆ ಆ ಹುಡುಗಿಯರ ಹೆಸರು, ಹುಟ್ಟಿದ ತಾರೀಖು, ಅಂಕಗಳು ಆ ಒಂದು ಡಿಸ್ಕಿನ ಹೊರತು ಮತ್ತೆಲ್ಲಿಯೂ ಪೂರ್ಣವಾಗಿ ಇರಲಿಲ್ಲ. ಬೇರೆ ಡಿಸ್ಕಿನ ಮೇಲೆ ಕಡೆಯ ಪ್ರತಿಯನ್ನು ಮಾಡಿದ್ದು ಮಾರ್ಚ್ ತಿಂಗಳಲ್ಲಿ. ಆದದರಿಂದ ನಾವು ಅವಸರಪಡದೆ ಕ್ರಮವಾಗಿ ನಡೆದೆವು.

ಬಿಡಿ ಹಂಚುಗಳ ಕೋಣೆ

ಆ ಕ್ರಮವನ್ನು ತಿಳಿಯುವ ಮೊದಲು ಯಂತ್ರದೊಳಗಿನ ಏರ್ಪಾಡನ್ನು ತಿಳಿಯಬೇಕು. 2000ನೆಯ ಇಸವಿಯಲ್ಲಿ ಬಂದ ವಿಂಡೋಸ್ 2000ರಲ್ಲಿ ಮುಖ್ಯ ಫೈಲುಗಳ ಪ್ರತಿಗಳನ್ನು ಡಿಎಲ್‌ಎಲ್‌ಕ್ಯಾಶ್ ಎಂಬ ಕೋಣೆಯಲ್ಲಿ ಇಡುತ್ತಿದ್ದರು. ವಿಂಡೋಸ್ ಸರ್ವರ್ 2008ರಿಂದ ಈಚೆಗೆ ಆ ಕೆಲಸವನ್ನು ವಿನ್‌ಎಸ್‌ಎಕ್ಸ್‌ಎಸ್ ಎಂಬ ದೊಡ್ಡ ಉಗ್ರಾಣವು ಮಾಡುತ್ತದೆ. ಎಸ್‌ಎಫ್‌ಸಿ ಎಂಬ ಪರೀಕ್ಷಕನು ಪ್ರತಿಯೊಂದು ಫೈಲಿನಿಂದ ಲೆಕ್ಕಹಾಕಿ ತೆಗೆದ ಒಂದು ಮುದ್ರೆಯನ್ನು ಮೊದಲೇ ಬರೆದಿಟ್ಟ ಮುದ್ರೆಯೊಡನೆ ಹೋಲಿಸುವನು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಮುದ್ರೆಯು ಬೇರೆಯಾಗುವದು. ಹೊಂದದಿದ್ದ ಫೈಲನ್ನು ಉಗ್ರಾಣದಿಂದ ತಂದು ಕೂಡಿಸುವನು.

ಇಲ್ಲಿ ಒಂದು ಸೂಕ್ಷ್ಮವುಂಟು. ಉಗ್ರಾಣದಲ್ಲಿರುವದು ಬಹುತರ ಬೇರೆ ಪ್ರತಿಯಲ್ಲ. ಡಿಸ್ಕಿನ ಮೇಲೆ ವಸ್ತು ಒಂದೇ. ಅದಕ್ಕೆ ಹೆಸರುಗಳು ಎರಡು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇದ್ದರೂ ಹೆಣ್ಣುಮಗಳು ಒಬ್ಬಳೇ ಇರುವಂತೆ ಇದನ್ನು ತಿಳಿಯಿರಿ. ಆದದರಿಂದ ಒಂದು ಹೆಸರು ಅಳಿಸಿಹೋದರೆ ಇನ್ನೊಂದು ಹೆಸರಿನಿಂದ ಫೈಲು ಸುಲಭವಾಗಿ ಸಿಗುವದು. ಆದರೆ ವಸ್ತುವೇ ಕೆಟ್ಟರೆ ಎರಡೂ ಕಡೆಯಲ್ಲಿ ಕೆಟ್ಟಂತೆಯೇ. ಆಗ ಉಗ್ರಾಣವನ್ನೇ ಹೊರಗಿನಿಂದ ದುರಸ್ತಿ ಮಾಡಬೇಕು. ಈ ಕೆಲಸಕ್ಕೆ ಡಿಸ್ಮ್ ಎಂಬ ಇನ್ನೊಂದು ಸಾಧನವುಂಟು.

ಕೆಲಸದ ಕ್ರಮ

ಮೊದಲನೆಯದಾಗಿ, ಪರದೆಯ ಮೇಲಿನ ಬರಹವನ್ನು ಪೂರ್ಣವಾಗಿ ಓದಿ ಫೈಲಿನ ಹೆಸರನ್ನೂ ಅದರ ದಾರಿಯನ್ನೂ ಕಾಗದದ ಮೇಲೆ ಬರೆದುಕೊಂಡೆವು.

ಎರಡನೆಯದಾಗಿ, ಪೆನ್‌ಡ್ರೈವಿನ ಮೇಲಿದ್ದ ಸ್ಥಾಪನೆಯ ಕಾರ್ಯಕ್ರಮದಿಂದ ಯಂತ್ರವನ್ನು ಎಬ್ಬಿಸಿ, ಹೊಸದಾಗಿ ಹಾಕುವದನ್ನು ಬಿಟ್ಟು ದುರಸ್ತಿಯ ದಾರಿಯನ್ನು ಹಿಡಿದು, ಆಜ್ಞೆಗಳನ್ನು ಬರೆಯುವ ಕಿಟಕಿಗೆ ಹೋದೆವು. ಇಲ್ಲಿ ಡ್ರೈವುಗಳ ಅಕ್ಷರಗಳು ಬದಲಾಗಿರಬಹುದು. ಎಂದಿನ ಸಿ ಡ್ರೈವು ಇಲ್ಲಿ ಡಿ ಆಗಿ ತೋರೀತು. ನೋಡದೆ ಆಜ್ಞೆ ಕೊಡಬಾರದು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿದ್ದರೆ 48 ಅಂಕೆಗಳ ಕೀಲಿಯು ಮೊದಲು ಬೇಕಾಗುವದು. ಅದನ್ನು ಬರೆದಿಡದವರು ಬಾಗಿಲಲ್ಲಿಯೇ ನಿಲ್ಲಬೇಕು.

ಮೂರನೆಯದಾಗಿ, ದುರಸ್ತಿಗೆ ಕೈಹಚ್ಚುವ ಮೊದಲೇ ಶಾಲೆಯ ದಾಖಲೆಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡೆವು. ಇದಕ್ಕೆ ಎರಡು ತಾಸು ಹಿಡಿಯಿತು. ಕಾಯುತ್ತಿದ್ದ ತಾಯಂದಿರಿಗೆ ಅದು ವ್ಯರ್ಥವಾಗಿ ಕಂಡಿರಬಹುದು. ಆದರೆ ಆ ದಿನದ ಕೆಲಸಗಳಲ್ಲಿ ಅದೇ ದೊಡ್ಡದು. ಆ ಮೇಲೆ ಚೆಕ್‌ಡಿಸ್ಕ್ ಎಂಬ ಆಜ್ಞೆಯಿಂದ ಡಿಸ್ಕನ್ನು ಪರೀಕ್ಷಿಸಿದೆವು. ಯಾಕಂದರೆ ಡಿಸ್ಕೇ ಸಾಯುತ್ತಿದ್ದರೆ ಇಂದು ಹೊದಿಸಿದ ಹಂಚು ನಾಳೆ ಬೀಳುವದು.

ನಾಲ್ಕನೆಯದಾಗಿ, ಮಲಗಿದ ವಿಂಡೋಸಿನ ಸ್ಥಳವನ್ನು ತೋರಿಸಿ ಎಸ್‌ಎಫ್‌ಸಿಯನ್ನು ಓಡಿಸಿದೆವು. ಕೆಟ್ಟ ಫೈಲುಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ, ಎಂಬ ಉತ್ತರ ಬಂದಿತು. ಉಗ್ರಾಣವೂ ಕೆಟ್ಟಿತ್ತೆಂದು ತಿಳಿದು, ಡಿಸ್ಮಿಗೆ ಪೆನ್‌ಡ್ರೈವನ್ನು ಮೂಲವೆಂದು ತೋರಿಸಿದೆವು. ಅದು, ಬೇಕಾದ ಫೈಲು ಇಲ್ಲಿಲ್ಲ, ಎಂದಿತು. ತಪ್ಪು ನಮ್ಮದೇ. ನಾವು ತಂದದ್ದು ಹಿಂದಿನ ಆವೃತ್ತಿಯದಾಗಿತ್ತು. ಬೇರೆ ಕಾರಖಾನೆಯ ಹಂಚು ಖಾನಾಪುರದ ಹಂಚಿನ ಗಾಡಿಯಲ್ಲಿ ಕೂಡುವದಿಲ್ಲವಷ್ಟೆ! ಕಪಾಟಿನಲ್ಲಿದ್ದ ಖರೀದಿಯ ಕಾಗದಗಳಿಂದ ಆವೃತ್ತಿಯನ್ನು ಗೊತ್ತುಮಾಡಿಕೊಂಡು, ಸರಿಯಾದ ಮೂಲದಿಂದ ತಿರುಗಿ ಮಾಡಲು ಉಗ್ರಾಣವು ದುರಸ್ತಿಯಾಯಿತು. ಎರಡನೆಯ ಸಲದ ಎಸ್‌ಎಫ್‌ಸಿಯು ಫೈಲನ್ನು ಅದರ ಸ್ಥಳದಲ್ಲಿ ಕೂಡಿಸಿತು.

ಐದನೆಯದಾಗಿ, ಯಂತ್ರವು ಎದ್ದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಸಿಬಿಎಸ್ ಎಂಬ ದಿನಚರಿ ಫೈಲನ್ನು ಓದಿ, ಏನೂ ಉಳಿದಿಲ್ಲವೆಂದು ಖಾತ್ರಿಮಾಡಿಕೊಂಡೆವು.

ಲಿನಕ್ಸ್ ಸರ್ವರಿನಲ್ಲಿಯೂ ತತ್ವವು ಇದೇ. ಅಲ್ಲಿ ಪ್ರತಿ ಫೈಲು ಯಾವ ಪ್ಯಾಕೇಜಿಗೆ ಸೇರಿದ್ದೆಂಬದು ಬರೆದಿರುವದು. ಆರ್‌ಪಿಎಂ ಅಥವಾ ಡಿಪಿಕೆಜಿ ಎಂಬ ಸಾಧನದಿಂದ ಪರೀಕ್ಷಿಸಿ, ಆ ಪ್ಯಾಕೇಜನ್ನು ಮಾತ್ರ ತಿರುಗಿ ಸ್ಥಾಪಿಸಿದರೆ ಸಾಕು.

ಎರಡು ಎಚ್ಚರಿಕೆಗಳು

ಕಳೆದುಹೋದ ಫೈಲನ್ನು ಗುರುತಿಲ್ಲದ ಸ್ಥಳಗಳಿಂದ ಇಳಿಸಿಕೊಳ್ಳಬಾರದು. ಹೆಸರು ಅದೇ ಇದ್ದರೂ ಒಳಗೆ ಕಳ್ಳನಿರಬಹುದು. ಇದಲ್ಲದೆ ಎಲ್ಲ ರೋಗಕ್ಕೂ ಒಂದೇ ಮದ್ದಲ್ಲ. 2024ನೆಯ ಇಸವಿಯ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯು ಕಳಿಸಿದ ಒಂದು ದೋಷವುಳ್ಳ ಫೈಲಿನಿಂದ ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಅಲ್ಲಿ ಮದ್ದು ಫೈಲನ್ನು ತರುವದಲ್ಲ, ತೆಗೆಯುವದಾಗಿತ್ತು. ಆದದರಿಂದ ಬರಹವನ್ನು ಓದದೆ ಕೈ ಆಡಿಸಬಾರದು.

ಕಡೆಯ ಮಾತು

ಸಾಯಂಕಾಲದ ಹೊತ್ತಿಗೆ ವರ್ಗಾವಣೆ ಪತ್ರಗಳು ಒಂದೊಂದಾಗಿ ಹೊರಬಿದ್ದವು. ಆದರೆ ವಿದ್ಯುತ್ತು ಹೋದ ರಾತ್ರಿಗೆ ಮುಂಚೆ ಬರೆದ ನಾಲ್ಕೈದು ಹೆಸರುಗಳು ಡಿಸ್ಕಿನಲ್ಲಿ ಉಳಿದಿರಲಿಲ್ಲ. ಅವುಗಳನ್ನು ಯಾವ ಎಸ್‌ಎಫ್‌ಸಿಯೂ ತರಲಾರದು. ಮುಖ್ಯಾಧ್ಯಾಪಿನಿಯವರು ಕಪಾಟಿನಿಂದ ಹಳೆಯ ಪ್ರವೇಶದ ರಜಿಸ್ಟರನ್ನು ತೆಗೆದು, ಅದನ್ನು ನೋಡಿ ಕೈಯಿಂದ ಬರೆದು ತುಂಬಿದರು. ಬೆಳಿಗ್ಗೆ ನಮ್ಮನ್ನು ಕೇಳಿದ ಆ ತಾಯಿಯ ಮಗಳ ಹೆಸರು ಅವುಗಳಲ್ಲಿಯೇ ಇದ್ದಿತು.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಮುಂದೆ ಇಂಥ ಯಂತ್ರಗಳನ್ನು ಕಾಯುವವರಾಗುವಿರಿ. ಎಲ್ಲರ ಮನೆಯಲ್ಲಿಯೂ ಇರುವ ವಸ್ತುವು ಹೋದರೆ ನೆರೆಯಿಂದ ತರಬಹುದು. ನಮ್ಮಲ್ಲಿ ಮಾತ್ರ ಇರುವದು ಹೋದರೆ ಯಾರಿಂದ ತರುವದು? ಅದಕ್ಕೆ ಪ್ರತಿಯನ್ನು ಮಾಡಿ ಬೇರೆ ಸ್ಥಳದಲ್ಲಿ ಇಡಿರಿ. ತಿಂಗಳಿಗೊಮ್ಮೆ ತೆರೆದು ನೋಡಿರಿ. ಮಳೆ ಬರುವ ಮುಂಚೆಯೇ ಹಂಚನ್ನು ಕೈಯಾಡಿಸುವದು ನಮ್ಮ ಸೀಮೆಯ ಹಳೆಯ ರೂಢಿಯಲ್ಲವೇ?