ಬಯಲಿನ ಅತಿಥಿ

ಪರರ ಮನೆಗೆ ಅತಿಥಿಯಾಗಿ ಹೋದವನು ಆ ಮನೆಯ ರೀತಿನೀತಿಗಳನ್ನರಿತು ನಡೆಯಬೇಕೆಂಬುದು ಹಿರಿಯರು ಹೇಳಿಕೊಟ್ಟ ಪಾಠ. ಆದರೆ ಪರದೇಶದ ಬೆಟ್ಟದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯುವವನು ಯಾರ ಅತಿಥಿ? ಅಲ್ಲಿ ತಟ್ಟಲು ಬಾಗಿಲಿಲ್ಲ, ಬರಮಾಡಿಕೊಳ್ಳಲು ಯಜಮಾನನಿಲ್ಲ, ತಪ್ಪಿದರೆ ತಿದ್ದುವವರೂ ಇಲ್ಲ. ಈ ಪ್ರಶ್ನೆಗೆ ನಾರ್ವೆ ದೇಶದವರು ಕೊಟ್ಟಿರುವ ಉತ್ತರವು ವಿಚಾರಯೋಗ್ಯವಾದುದು.

ಯೂರೋಪಿನ ವಾಯವ್ಯದ ಅಂಚಿನಲ್ಲಿರುವ ನಾರ್ವೆಯು ಪರ್ವತಗಳ, ಸರೋವರಗಳ ನಾಡು. ಸಾಗುವಳಿಯಾಗದ ಕಾಡುಬೆಟ್ಟಗಳಲ್ಲಿ, ಅವು ಖಾಸಗಿ ಒಡೆತನಕ್ಕೆ ಸೇರಿದ್ದರೂ, ಯಾರು ಬೇಕಾದರೂ ಸಂಚರಿಸಬಹುದೆಂಬುದು ಅಲ್ಲಿಯ ಪ್ರಾಚೀನ ಸಂಪ್ರದಾಯ. 1957ರಲ್ಲಿ ಅದು ಕಾಯಿದೆಯ ರೂಪವನ್ನು ಪಡೆಯಿತು. ದೂರದೇಶದಿಂದ ಬಂದ ಪ್ರವಾಸಿಗೂ ಈ ಹಕ್ಕು ಉಂಟು.

ಹಕ್ಕಿನ ಬೆನ್ನಿಗೇ ಕಟ್ಟುಪಾಡುಗಳೂ ಇವೆ. ಜನವಾಸವಿರುವ ಮನೆಯಿಂದ ಡೇರೆಯು ಕನಿಷ್ಠ 150 ಮೀಟರ್ ದೂರದಲ್ಲಿರಬೇಕು. ಒಡೆಯನ ಅನುಮತಿಯಿಲ್ಲದೆ ಒಂದೇ ಸ್ಥಳದಲ್ಲಿ ಎರಡು ದಿನಗಳಿಗಿಂತ ಹೆಚ್ಚು ಕಾಲ ತಂಗಬಾರದು. ಎತ್ತರದ ಪರ್ವತಪ್ರದೇಶಕ್ಕೂ ಜನವಸತಿಯಿಂದ ಬಹುದೂರವಿರುವ ಸ್ಥಳಗಳಿಗೂ ಮಾತ್ರ ಇದರಿಂದ ವಿನಾಯಿತಿ. ಉತ್ತ ಹೊಲದಲ್ಲಿ, ಮನೆಯಂಗಳದಲ್ಲಿ ಅನುಮತಿ ಪಡೆಯದೆ ಬಿಡಾರ ಹೂಡುವಂತಿಲ್ಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಾಗಲಿ ಅದರ ಸಮೀಪದಲ್ಲಾಗಲಿ ಬೆಂಕಿ ಹಾಕುವುದು ಸಾಮಾನ್ಯವಾಗಿ ನಿಷಿದ್ಧ. ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ನಾಯಿಯನ್ನು ಹಗ್ಗ ಬಿಚ್ಚಿ ಬಿಡಕೂಡದು. ಅದು ಹಕ್ಕಿಗಳು ಮರಿಮಾಡುವ ಕಾಲ.

ಈ ನಿಯಮಗಳು ಯಾರನ್ನೂ ಪೀಡಿಸುವುದಕ್ಕಾಗಿ ಹುಟ್ಟಿದವುಗಳಲ್ಲ. ಮನೆಯವರ ನೆಮ್ಮದಿ, ರೈತನ ಬೆಳೆ, ಮೂಕಜೀವಿಗಳ ಸಂಸಾರ ಇವುಗಳ ರಕ್ಷಣೆಯೇ ಅವುಗಳ ಉದ್ದೇಶ. ಅಲ್ಲಿಯ ಬೆಟ್ಟಗಳಲ್ಲಿ ಹಿಮಸಾರಂಗಗಳ ಚಳಿಗಾಲದ ಮೇವಾದ ಕಲ್ಲುಹೂವಿನ ಹಾಸು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಂದು ರಾತ್ರಿಯ ಅಜಾಗರೂಕತೆಯಿಂದ ಕೆಟ್ಟದ್ದು ಸರಿಹೋಗಲು ಹಲವು ವರ್ಷಗಳೇ ಬೇಕು.

1868ರಲ್ಲಿ ಸ್ಥಾಪಿತವಾದ ಅಲ್ಲಿಯ ಚಾರಣಿಗರ ಸಂಘವು ಬೆಟ್ಟಗಳಲ್ಲಿ ಅನೇಕ ಕುಟೀರಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಕೆಲವಕ್ಕೆ ಕಾವಲುಗಾರನೇ ಇಲ್ಲ. ಕಪಾಟಿನಲ್ಲಿ ಆಹಾರಪದಾರ್ಥಗಳಿರುತ್ತವೆ. ಬಳಸಿದವನು ತಾನೇ ಲೆಕ್ಕ ಬರೆದು ಹಣ ಸಲ್ಲಿಸಬೇಕು. ನೆಲ ಗುಡಿಸಿ, ಮುಂದೆ ಬರುವವರಿಗಾಗಿ ಸೌದೆ ತಂದಿರಿಸಿ ಹೊರಡಬೇಕು. ಯಾರೂ ನೋಡದಿರುವಾಗಲೂ ನಿಯಮವನ್ನು ಪಾಲಿಸುವರೆಂಬ ನಂಬಿಕೆಯೇ ಈ ಏರ್ಪಾಟಿನ ಆಧಾರಸ್ತಂಭ.

ನಂಬಿಕೆ ಕೆಟ್ಟರೆ ಸ್ವಾತಂತ್ರ್ಯವೂ ಉಳಿಯದು. ನಾರ್ವೆಯ ಉತ್ತರಕ್ಕಿರುವ ಲೋಫೋಟೆನ್ ದ್ವೀಪಗಳ ಸೌಂದರ್ಯಕ್ಕೆ ಮಾರುಹೋಗಿ ಬಂದ ಪ್ರವಾಸಿಗರ ದಟ್ಟಣೆಯಿಂದ ನೆಲ ಸವೆದು, ಕಸ ಹೆಚ್ಚಿತು. ಪರಿಣಾಮವಾಗಿ ಅಲ್ಲಿಯ ಕೆಲವು ತಾಣಗಳಲ್ಲಿ ಡೇರೆ ಹಾಕುವುದನ್ನೇ ನಿಷೇಧಿಸಬೇಕಾಯಿತು. ತಪ್ಪು ಮಾಡಿದವರು ಊರಿಗೆ ಮರಳಿದರು. ಹಕ್ಕನ್ನು ಕಳೆದುಕೊಂಡವರು ಅವರ ಅನಂತರ ಬಂದವರು.

ಒಂದು ದೇಶದ ಪದ್ಧತಿ ಇನ್ನೊಂದು ದೇಶದಲ್ಲಿಯೂ ಇರುವುದೆಂದು ಭಾವಿಸಲಾಗದು. ಸಮೀಪದ ಡೆನ್ಮಾರ್ಕಿನಲ್ಲಿ ಇಷ್ಟು ವಿಶಾಲವಾದ ಹಕ್ಕಿಲ್ಲ; ಗೊತ್ತುಪಡಿಸಿದ ಸ್ಥಳಗಳಲ್ಲಿ, ಇಲ್ಲವೆ ಒಡೆಯನ ಒಪ್ಪಿಗೆ ಪಡೆದು, ಡೇರೆ ಹಾಕಬೇಕು. ಆದುದರಿಂದ ಹೊರಡುವ ಮೊದಲೇ ಆಯಾ ದೇಶದ ಕಾನೂನನ್ನು ತಿಳಿದುಕೊಳ್ಳುವುದು ಪ್ರವಾಸಿಯ ಪ್ರಥಮ ಕರ್ತವ್ಯ.

ಹಾಗಾದರೆ ಬಯಲಿನಲ್ಲಿ ತಂಗಿದವನು ಯಾರ ಅತಿಥಿ? ಆ ನೆಲದ ಒಡೆಯನಿಗೆ, ಅಲ್ಲಿಯ ಜೀವಜಂತುಗಳಿಗೆ, ನಾಳೆ ಅದೇ ದಾರಿಯಲ್ಲಿ ಬರುವ ಅಪರಿಚಿತನಿಗೆ ಅವನು ಅತಿಥಿ. ಬೆಳಗ್ಗೆ ಡೇರೆ ಕಿತ್ತು ಹೊರಟಾಗ, ರಾತ್ರಿ ಅಲ್ಲೊಬ್ಬನು ಮಲಗಿದ್ದನೆಂಬುದರ ಗುರುತೇ ಉಳಿಯದಿದ್ದರೆ, ಅವನು ಆತಿಥ್ಯದ ಋಣವನ್ನು ತೀರಿಸಿದಂತೆ.